'ವಾಟ್ ಯು ವಾಂಟ್' ಅಂದ್ರೆ ಗಿರಾಕಿ ಮುಖ ಯಾಕೆ ಸಣ್ಣದಾಗುತ್ತೆ?

ಬೇಲೂರು: ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದವು. ಆದರೆ ಚನ್ನಕೇಶವ ದೇವಸ್ಥಾನದ ಸುತ್ತಮುತ್ತ ಅಂಗಡಿ ಇಟ್ಟವರಿಗೆ ಕನ್ನಡ ಬಾರದ ಗಿರಾಕಿ ಅದಕ್ಕೂ ಮೊದಲೇ ಗೊತ್ತು. ರೇಟು ಹೇಳೋಕೆ ಬೇಕಾದಷ್ಟು ಇಂಗ್ಲಿಷ್ ಎಲ್ಲರಿಗೂ ಬರುತ್ತೆ. ಎಡವೋದು ಮರ್ಯಾದೆ ವಿಷಯದಲ್ಲಿ.

ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದಲ್ಲೇ ಇರುತ್ತೆ. 'ಬಾ' ಬೇರೆ, 'ಬನ್ನಿ' ಬೇರೆ. ಇಂಗ್ಲಿಷ್‌ನಲ್ಲಿ ನೀನು, ನೀವು ಎರಡಕ್ಕೂ 'ಯು' ಒಂದೇ. ಅದಕ್ಕೇ ನಾವು ಒಳ್ಳೇ ಮನಸ್ಸಿಂದ 'ವಾಟ್ ಯು ವಾಂಟ್' ಅಂದ್ರೂ ಅವರಿಗೆ 'ಏನೋ ಬೇಕು ನಿಂಗೆ' ಅಂದ ಹಾಗೆ ಕೇಳಿಸುತ್ತೆ. 'ಕ್ಯಾನ್ ಐ ಹೆಲ್ಪ್ ಯು?' ಅಥವಾ 'ವಾಟ್ ವುಡ್ ಯು ಲೈಕ್?' ಅಂದ್ರೆ ಸರಿಹೋಯ್ತು. ಚಿಲ್ಲರೆ ಇಲ್ಲದಿದ್ರೆ ಬರೀ 'ನೋ ಚೇಂಜ್' ಬೇಡ, 'ಸಾರಿ, ಐ ಡೋಂಟ್ ಹ್ಯಾವ್ ಚೇಂಜ್' ಅನ್ನಿ.

ಡಿಗ್ರಿ ಅರ್ಧಕ್ಕೆ ಬಿಟ್ಟೋನು ಇಂಗ್ಲಿಷ್ ಪಾಠ ಮಾಡ್ತಾನೆ ಅಂತ ನಗಬೇಡಿ. ಇದನ್ನ ಕಲಿತದ್ದು ಕ್ಲಾಸಲ್ಲಲ್ಲ, ಅಂಗಡಿ ಮುಂದೆ ನಿಂತು.

ನಿಜವಾಗಿ ವ್ಯಾಪಾರ ಕೆಡಿಸೋದು 'ಯೆಸ್', 'ನೋ'. ಒಂದು ಕಲ್ಲಿನ ವಿಗ್ರಹದ ಅಂಗಡೀಲಿ ಒಬ್ಬ ಹೆಂಗಸು 'ಡೋಂಟ್ ಯು ಹ್ಯಾವ್ ಎ ಸ್ಮಾಲರ್ ಒನ್?' ಅಂತ ಕೇಳಿದ್ರು, ಅಂದ್ರೆ ಚಿಕ್ಕದು ಇಲ್ವಾ ಅಂತ. ನಾವು ಕನ್ನಡದಲ್ಲಿ 'ಹೂಂ, ಇಲ್ಲ' ಅಂತೀವಲ್ಲ, ಅದೇ ಲೆಕ್ಕದಲ್ಲಿ ಅಂಗಡಿಯವರು 'ಯೆಸ್' ಅಂದ್ರು. ಇಂಗ್ಲಿಷ್‌ನಲ್ಲಿ ಅದರ ಅರ್ಥ 'ಇದೆ'. ತೆಗೆದು ತೋರಿಸ್ತಾರೆ ಅಂತ ಆಯಮ್ಮ ಕಾದ್ರು, ಇವರು ಬೇರೆ ಗಿರಾಕಿ ಕಡೆ ತಿರುಗಿದ್ರು. ಸ್ವಲ್ಪ ಹೊತ್ತು ನೋಡಿ ಹೊರಟೇಹೋದ್ರು. ಇಲ್ಲದಿದ್ರೆ 'ನೋ, ಸಾರಿ, ವಿ ಡೋಂಟ್' ಅನ್ನಬೇಕಿತ್ತು. ಜೊತೆಗೆ 'ವುಡ್ ಯು ಲೈಕ್ ಟು ಸೀ ದಿಸ್ ಒನ್?' ಅಂತ ಇನ್ನೊಂದು ತೋರಿಸಿದ್ರೆ ಆಯಮ್ಮ ನಿಲ್ತಿದ್ರೇನೋ.

ಹೋಟೆಲಿನವರಿಗೆ ಇದರ ಅಣ್ಣ ಸಿಗ್ತಾನೆ: 'ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?' ಇಲ್ಲಿ ಕೂತ್ರೆ ನಿಮಗೆ ತೊಂದರೆನಾ ಅಂತ ಅರ್ಥ. ಖುಷಿಯಿಂದ 'ಯೆಸ್ ಯೆಸ್' ಅಂದ್ರೆ 'ತೊಂದರೆ ಇದೆ' ಅಂದಂಗಾಯ್ತು! 'ನಾಟ್ ಅಟ್ ಆಲ್' ಅನ್ನಬೇಕು. ಗಡಿಬಿಡೀಲಿ ನೆನಪಾಗದಿದ್ರೆ ಕುರ್ಚಿ ತೋರಿಸಿ 'ಪ್ಲೀಸ್ ಸಿಟ್' ಅಂದ್ರೂ ಸಾಕು.

'ಹೌ ಆರ್ ಯು' ಅಂತ ಕೇಳಿದವರಿಗೆ ಮಂಡಿನೋವಿನ ಕಥೆ ಬೇಡ. ಅದು ನಮ್ಮ 'ಊಟ ಆಯ್ತಾ' ಇದ್ದಂಗೆ. 'ಫೈನ್, ಥ್ಯಾಂಕ್ ಯು' ಅಂದು ನೀವೂ ತಿರುಗಿ 'ಹೌ ಆರ್ ಯು?' ಅಂತ ಕೇಳಿ, ಆಮೇಲೆ ರೇಟು ಹೇಳಿ.