ಹಳೆಯ ಕಾರಿನ ಎಂಜಿನ್ ವೈರಿಂಗ್: ದೋಷವೆಲ್ಲಿ, ದುರಸ್ತಿ ಹೇಗೆ?

ಹಳೆಯ ಕಾರನ್ನು ಅಕ್ಕರೆಯಿಂದ ಇರಿಸಿಕೊಂಡಿರುವ ವ್ಯಾಪಾರಿ ಬಂಧುಗಳು ನಮ್ಮಲ್ಲಿ ಅನೇಕರಿದ್ದಾರೆ. ಅಂತಹ ಕಾರು ನಿಂತಲ್ಲೇ ನಡುಗತೊಡಗಿದಾಗ ಅಥವಾ ಬಿಸಿಯಾದೊಡನೆ ನಿಂತುಹೋದಾಗ, ಗ್ಯಾರೇಜಿನವರ ಸಂಶಯ ಮೊದಲು ಹೋಗುವುದು ದುಬಾರಿಯಾದ ಕಂಪ್ಯೂಟರ್ ಪೆಟ್ಟಿಗೆಯ ಮೇಲೆ. ವಾಸ್ತವದಲ್ಲಿ ದೋಷ ತಂತಿಯ ಹೊದಿಕೆಯಲ್ಲಿದ್ದರೆ, ಬರಿದಾದ ತಂತಿಗಳು ಒಂದಕ್ಕೊಂದು ತಾಗಿ ಹೊಸದಾಗಿ ಹಾಕಿದ ಪೆಟ್ಟಿಗೆಯೂ ಸುಟ್ಟುಹೋಗುವ ಸಂಭವವಿದೆ.

ಇದಕ್ಕೆ ಪ್ರಸಿದ್ಧ ನಿದರ್ಶನವೆಂದರೆ 1990ರ ದಶಕದ ಮೊದಲಾರ್ಧದ ಮರ್ಸಿಡಿಸ್-ಬೆಂಜ್ ಪೆಟ್ರೋಲ್ ಕಾರುಗಳು. ಅವುಗಳಲ್ಲಿ ಹಲವು ಮಾದರಿಗಳ ಎಂಜಿನ್ ತಂತಿಗಳ ಹೊದಿಕೆಯು ಶಾಖಕ್ಕೆ ಒಣಗಿ, ಹಪ್ಪಳದಂತೆ ಪುಡಿಯಾಗುತ್ತದೆ. ಈ ಪೈಕಿ ಡಬ್ಲ್ಯೂ124 ಶ್ರೇಣಿಯ ಕಾರುಗಳು 1995ರಿಂದ ಪುಣೆಯಲ್ಲಿಯೂ ಜೋಡಣೆಗೊಂಡವು. ಆದುದರಿಂದ ವಿಷಯ ನಮಗೆ ದೂರದ್ದಲ್ಲ.

ಪರೀಕ್ಷೆ ಸರಳ. ಬ್ಯಾಟರಿ ಸಂಪರ್ಕ ತೆಗೆದು, ಇಂಜೆಕ್ಟರ್ ಬಳಿಯ ಹೊರಕವಚವನ್ನು ಸರಿಸಿ, ಒಂದು ತಂತಿಯನ್ನು ಮೆಲ್ಲನೆ ಬಾಗಿಸಿ ನೋಡಬೇಕು. ಬಿರುಕು ಕಂಡಲ್ಲಿ ಅಷ್ಟಕ್ಕೇ ನಿಲ್ಲಿಸುವುದು ಲೇಸು. ಹೆಚ್ಚು ಅಲುಗಾಡಿಸಿದರೆ ಓಡಿಸಿಕೊಂಡು ಬಂದ ಕಾರನ್ನು ಎಳೆಸಿಕೊಂಡು ಹೋಗಬೇಕಾದೀತು!

ಟೇಪು ಸುತ್ತುವುದು ದುರಸ್ತಿಯಲ್ಲ. ಅದು ಕಣ್ಣಿಗೆ ಕಂಡ ತಂತಿಯನ್ನಷ್ಟೇ ಮುಚ್ಚುತ್ತದೆ, ಕಟ್ಟಿನೊಳಗಿನವು ಹಾಗೆಯೇ ಉಳಿಯುತ್ತವೆ. ಇಡೀ ಹಾರ್ನೆಸ್ ಬದಲಿಸುವುದೇ ಸರಿಯಾದ ಮಾರ್ಗ. ಹೊಸದು ದೊರೆಯದಿದ್ದಲ್ಲಿ ಸ್ಥಳೀಯವಾಗಿಯೇ ತಯಾರಿಸಬಹುದು. ಹಳೆಯದನ್ನು ಹಲಗೆಯ ಮೇಲೆ ಹರಡಿ, ಪ್ರತಿ ತಂತಿಯ ಉದ್ದ, ದಪ್ಪ, ಬಣ್ಣ ಹಾಗೂ ಪಿನ್ನಿನ ಸ್ಥಾನವನ್ನು ಗುರುತಿಸಿಕೊಳ್ಳಬೇಕು. ಮನೆಯ ವೈರಿಂಗಿಗೆ ಬಳಸುವ ಸಾಮಾನ್ಯ ಪಿವಿಸಿ ತಂತಿಯ ತಾಪಮಿತಿ 70 ಡಿಗ್ರಿ ಸೆಲ್ಸಿಯಸ್ ಮಾತ್ರ. ಎಂಜಿನ್ ಬಳಿಗೆ 125 ಡಿಗ್ರಿ ತಾಳುವ, ಕ್ರಾಸ್‌ಲಿಂಕ್ಡ್ ಪಾಲಿಥಿಲೀನ್ ಹೊದಿಕೆಯ ಆಟೋಮೊಬೈಲ್ ತಂತಿಯೇ ಬೇಕು. ಟರ್ಮಿನಲ್‌ಗಳನ್ನು ಸರಿಯಾದ ಉಪಕರಣದಿಂದ ಕ್ರಿಂಪ್ ಮಾಡಬೇಕು. ಬೆಸುಗೆ ಹಾಕಿದ ಜಾಗ ಬಿರುಸಾಗಿ, ಎಂಜಿನ್ನಿನ ಕಂಪನಕ್ಕೆ ಅದರ ಅಂಚಿನಲ್ಲಿ ತಂತಿ ತುಂಡಾಗುವುದುಂಟು. ಮೂಲದಲ್ಲಿ ಲೋಹದ ಜಾಲರಿ ಹೊದಿಸಿದ ಸೆನ್ಸರ್ ತಂತಿಗಳಿದ್ದರೆ ಅದೇ ಬಗೆಯವನ್ನೇ ಹಾಕತಕ್ಕದ್ದು. ಕಂಪ್ಯೂಟರಿಗೆ ಜೋಡಿಸುವ ಮುನ್ನ ಪ್ರತಿ ತಂತಿಯನ್ನೂ ಮಲ್ಟಿಮೀಟರ್‌ನಿಂದ ಪರಿಶೀಲಿಸುವುದು ಅಗತ್ಯ.

ಒಂದು ವಿಷಯ ಅನೇಕರ ಗಮನಕ್ಕೆ ಬಾರದು. ಇದೇ ಕಾರುಗಳ ಎಲೆಕ್ಟ್ರಾನಿಕ್ ಥ್ರಾಟಲ್ ಘಟಕಕ್ಕೆ ತನ್ನದೇ ತಂತಿಗಳಿದ್ದು, ಅವೂ ಹೀಗೆಯೇ ಪುಡಿಯಾಗುತ್ತವೆ. ಹಾರ್ನೆಸ್ ಬದಲಿಸಿದ ಬಳಿಕವೂ ತೊಂದರೆ ಮುಂದುವರಿದರೆ ಮೊದಲು ಅಲ್ಲಿ ನೋಡಬೇಕು.

ಹಾರ್ನೆಸ್ ಮಾಡಿಸುವವರು, ತಂತಿಯ ತಾಪಮಿತಿ ಹಾಗೂ ದಪ್ಪವನ್ನು ಅಂದಾಜು ಪಟ್ಟಿಯಲ್ಲಿಯೇ ಬರೆಸಿಕೊಳ್ಳುವುದು ಒಳಿತು. ಕವಚ ಹಾಕಿದ ಮೇಲೆ ಒಳಗಿನ ತಂತಿ ಯಾವುದೆಂದು ಯಾರಿಗೂ ಕಾಣುವುದಿಲ್ಲ.