ಮಧ್ಯಾಹ್ನ 12.15ರ ಬ್ಲೂಸ್

ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ದಡದಲ್ಲಿ, ಹೆಲೆನಾ ಎಂಬ ಪುಟ್ಟ ಊರಿದೆ. ಅಲ್ಲಿನ ಕೆಎಫ್‌ಎಫ್‌ಎ ರೇಡಿಯೊ ಕೇಂದ್ರ ಸೋಮವಾರದಿಂದ ಶುಕ್ರವಾರದವರೆಗೆ ಮಧ್ಯಾಹ್ನ 12.15ಕ್ಕೆ ‘ಕಿಂಗ್ ಬಿಸ್ಕಿಟ್ ಟೈಮ್’ ಪ್ರಸಾರ ಮಾಡುತ್ತದೆ. ಅರ್ಧ ಗಂಟೆ, ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಬ್ಲೂಸ್ ಸಂಗೀತ ಮಾತ್ರ. 1941ರ ನವೆಂಬರ್‌ನಲ್ಲಿ ಆರಂಭವಾಗಿ, ನಡುವೆ ಕೆಲವು ವರ್ಷ ನಿಂತು, ಮತ್ತೆ ಚಿಗುರಿದ ಈ ಕಾರ್ಯಕ್ರಮ 17 ಸಾವಿರ ಕಂತುಗಳನ್ನು ಎಂದೋ ದಾಟಿದೆ. ಬ್ಲೂಸ್ ಎಂದರೆ ಬಿ.ಬಿ. ಕಿಂಗ್, ಮಡ್ಡಿ ವಾಟರ್ಸ್ ಎಂದಷ್ಟೇ ಬಲ್ಲವರಿಗೆ ಆ ಹೆಸರುಗಳ ಹಿಂದೆ ನಿಂತ ಹತ್ತಾರು ಕಲಾವಿದರನ್ನು ತೋರಿಸಿಕೊಡುವ ಬಾಗಿಲು ಇದು.

ಹುಟ್ಟಿದ್ದು ಹಿಟ್ಟು ಮಾರುವುದಕ್ಕೆ. ಮೌತ್ ಆರ್ಗನ್ ವಾದಕ ಸನ್ನಿ ಬಾಯ್ ವಿಲಿಯಮ್ಸನ್ ಮತ್ತು ಗಿಟಾರ್ ವಾದಕ ರಾಬರ್ಟ್ ಲಾಕ್‌ವುಡ್ ಆಗಷ್ಟೇ ಶುರುವಾಗಿದ್ದ ಕೇಂದ್ರಕ್ಕೆ ಹೋಗಿ ಹಾಡಲು ಅವಕಾಶ ಕೇಳಿದರು. ಪ್ರಾಯೋಜಕರು ಬೇಕೆಂಬ ಉತ್ತರ ಬಂತು. ‘ಕಿಂಗ್ ಬಿಸ್ಕಿಟ್’ ಹೆಸರಿನ ಹಿಟ್ಟು ಮಾರುತ್ತಿದ್ದ ಇಂಟರ್‌ಸ್ಟೇಟ್ ಗ್ರೋಸರ್ ಕಂಪನಿ ಒಪ್ಪಿತು. ಕಲಾವಿದರು ಹಿಟ್ಟನ್ನು ಹೊಗಳಬೇಕು. ಅದರ ಜೊತೆಗೆ, ಆ ರಾತ್ರಿ ತಮ್ಮ ಕಛೇರಿ ಎಲ್ಲಿ ಎಂದು ಸಾರಿಕೊಳ್ಳಬಹುದು. ವ್ಯಾಪಾರ ಎಷ್ಟು ಕುದುರಿತೆಂದರೆ, ಮುಂದೆ ‘ಸನ್ನಿ ಬಾಯ್’ ಹೆಸರಿನಲ್ಲೇ ಮೆಕ್ಕೆಜೋಳದ ಹಿಟ್ಟು ಬಂತು, ಚೀಲದ ಮೇಲೆ ಅವರ ಚಿತ್ರವೂ ಬಂತು.

ಮಧ್ಯಾಹ್ನದ ಹೊತ್ತು ನದಿಯ ಎರಡೂ ದಡಗಳ ಹತ್ತಿ ಹೊಲಗಳಲ್ಲಿ ದುಡಿಯುವವರಿಗೆ ಊಟದ ಬಿಡುವು. ಕಪ್ಪು ಜನರ ದನಿ ರೇಡಿಯೊದಲ್ಲಿ ಅಪರೂಪವಾಗಿದ್ದ ಕಾಲದಲ್ಲಿ ತಮ್ಮವರೇ ನೇರವಾಗಿ ಹಾಡುವುದನ್ನು ಅವರು ದಿನವೂ ಕೇಳಿದರು. ಹೊಲದ ಕೆಲಸದಲ್ಲಿದ್ದ ಯುವಕ ಬಿ.ಬಿ. ಕಿಂಗ್ ಆ ಕೇಳುಗರಲ್ಲಿ ಒಬ್ಬರು. ವಿಲಿಯಮ್ಸನ್ ಅವರ ಮೊದಲ ಧ್ವನಿಮುದ್ರಿಕೆ ಬಂದದ್ದು 1951ರಲ್ಲಿ. ಅಷ್ಟರಲ್ಲಿ ಅವರು ಹತ್ತು ವರ್ಷಗಳಿಂದ ಮನೆಮಾತಾಗಿದ್ದರು. ಧ್ವನಿಮುದ್ರಿಕೆಗಳನ್ನಷ್ಟೇ ನೆಚ್ಚಿ ಬ್ಲೂಸ್ ಚರಿತ್ರೆ ಬರೆದರೆ ಎಷ್ಟು ಕೈತಪ್ಪುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನೂ ಕಡಿಮೆ ಪರಿಚಿತರೆಂದರೆ ಹ್ಯೂಸ್ಟನ್ ಸ್ಟ್ಯಾಕ್‌ಹೌಸ್. 1910ರಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಹುಟ್ಟಿದ ಇವರು ಹಿರಿಯ ಗಾಯಕ ಟಾಮಿ ಜಾನ್ಸನ್ ಅವರಿಂದ ಹಾಡು ಕಲಿತರು, ತಮ್ಮ ಸಂಬಂಧಿ ರಾಬರ್ಟ್ ನೈಟ್‌ಹಾಕ್‌ಗೆ ಗಿಟಾರ್ ಕಲಿಸಿದರು. ತಂತಿಯ ಮೇಲೆ ಕೊಳವೆ ಜಾರಿಸಿ ಸ್ವರವನ್ನು ಎಳೆಯುವ ‘ಸ್ಲೈಡ್’ ವಾದನಕ್ಕೆ ನೈಟ್‌ಹಾಕ್ ಹೆಸರಾದರು. ಗುರು ಹೆಲೆನಾದ ಆಸುಪಾಸಿನಲ್ಲೇ ಉಳಿದರು. 1946ರಿಂದ ಕಿಂಗ್ ಬಿಸ್ಕಿಟ್ ತಂಡದಲ್ಲಿ ನುಡಿಸಿದ ಸ್ಟ್ಯಾಕ್‌ಹೌಸ್ ಅವರ ಧ್ವನಿಮುದ್ರಣ ಆದದ್ದು ಐವತ್ತು ದಾಟಿದ ಮೇಲೆ. 1967ರಲ್ಲಿ ಜಾರ್ಜ್ ಮಿಚೆಲ್ ಎಂಬ ಸಂಗ್ರಾಹಕ ಇವರನ್ನು, ನೈಟ್‌ಹಾಕ್ ಮತ್ತು ಡ್ರಮ್ ವಾದಕ ಪೆಕ್ ಕರ್ಟಿಸ್ ಅವರನ್ನು ಒಟ್ಟಿಗೆ ಕೂರಿಸಿ ಮುದ್ರಿಸಿಕೊಂಡರು. ಅದೇ ನವೆಂಬರ್‌ನಲ್ಲಿ ನೈಟ್‌ಹಾಕ್ ತೀರಿಕೊಂಡರು. ಕೆಲವು ತಿಂಗಳು ತಡವಾಗಿದ್ದರೆ ಗುರುಶಿಷ್ಯರ ಆ ಜೊತೆಗಾರಿಕೆ ನಮಗೆ ದಕ್ಕುತ್ತಲೇ ಇರಲಿಲ್ಲ.

ನೇರ ಗಾಯನ ನಿಂತ ಮೇಲೆ ಧ್ವನಿಮುದ್ರಿಕೆಗಳು ಆ ಜಾಗಕ್ಕೆ ಬಂದವು. ಆಗ ಕಾರ್ಯಕ್ರಮದ ಭಾರ ಹೊತ್ತವರು ‘ಸನ್‌ಶೈನ್’ ಸನ್ನಿ ಪೇನ್. 1951ರಲ್ಲೇ ನಿರೂಪಕರಾಗಿದ್ದ ಅವರು 2018ರಲ್ಲಿ ತೀರಿಕೊಳ್ಳುವವರೆಗೂ ಈ ಕಾರ್ಯಕ್ರಮದ ದನಿಯಾಗಿದ್ದರು. 1992ರಲ್ಲಿ ಕಾರ್ಯಕ್ರಮಕ್ಕೆ ಪ್ರಸಾರ ಕ್ಷೇತ್ರದ ಪ್ರತಿಷ್ಠಿತ ಪೀಬಾಡಿ ಪ್ರಶಸ್ತಿ ಬಂತು.

ಈ ಪರಂಪರೆಯ ನಿಜವಾದ ಬೆಲೆ ಇರುವುದು ಅದರ ನಿತ್ಯದ ನೇಮದಲ್ಲಿ. ವರ್ಷಕ್ಕೊಮ್ಮೆ ನಡೆಯುವ ಉತ್ಸವಕ್ಕೆ ಹೆಸರಾಂತರೇ ಸಾಕು. ದಿನವೂ, ವಾರವೂ ಕೇಳುಗರ ಮುಂದೆ ಬರುವವರಿಗೆ ನಾಲ್ಕು ಜನಪ್ರಿಯ ಹಾಡುಗಳು ಎಷ್ಟು ದಿನ ಬಂದಾವು? ಅವರು ಹುಡುಕಲೇಬೇಕು, ಹುಡುಕಿದಾಗ ಸ್ಟ್ಯಾಕ್‌ಹೌಸ್‌ರಂಥವರ ಸರದಿ ಬರುತ್ತದೆ. ವಾರವಾರ ಬ್ಲೂಸ್ ಪಾಡ್‌ಕಾಸ್ಟ್ ಮಾಡುವವರು ಇಂದು ಮುಂದುವರಿಸಿರುವುದು ಇದೇ ಕೆಲಸವನ್ನು. ಒಂದು ಊರು, ಒಂದು ವರ್ಷ, ಒಂದು ವಾದ್ಯ ಹೀಗೆ ಎಳೆ ಹಿಡಿದು, ಯಾರು ಯಾರೊಂದಿಗೆ ಎಲ್ಲಿ ನುಡಿಸಿದರು ಎಂದು ಹೇಳುತ್ತಾ ಹಾಡು ಕೇಳಿಸುವ ನಿರೂಪಕರು ನಮಗೆ ಹಾಡಿನ ಜೊತೆ ಅದರ ಬಳಗವನ್ನೂ ಕೊಡುತ್ತಾರೆ.

ಕಿಂಗ್ ಬಿಸ್ಕಿಟ್ ಟೈಮ್ ಈಗ ಅಂತರ್ಜಾಲದಲ್ಲೂ ಲಭ್ಯ. ನೇರ ಪ್ರಸಾರದ ಹೊತ್ತಿಗೆ, ಅಲ್ಲಿ ಬೇಸಿಗೆಯಾದರೆ ನಮ್ಮಲ್ಲಿ ರಾತ್ರಿ 10.45, ಅಲ್ಲಿ ಚಳಿಗಾಲವಾದರೆ 11.45. ಹೊಸಬರು ಮೊದಲು ಹಾಡಿನ ಕಟ್ಟನ್ನು ಗಮನಿಸಲಿ: ಸಾಮಾನ್ಯವಾಗಿ ಒಂದು ಸಾಲು, ಮತ್ತೆ ಅದೇ ಸಾಲು, ಮೂರನೆಯದರಲ್ಲಿ ಅದಕ್ಕೆ ಉತ್ತರ, ಸಾಲುಗಳ ನಡುವಿನ ತೆರಪಿನಲ್ಲಿ ವಾದ್ಯದ ಮಾತು. ಬಳಿಕ ಹಿಮ್ಮೇಳದವರ ಹೆಸರುಗಳನ್ನು ಗುರುತು ಹಾಕಿಕೊಂಡು, ಅವರು ಮುಂದಾಳುಗಳಾಗಿ ಹಾಡಿದ್ದನ್ನು ಹುಡುಕಲಿ. ಮುಂದಿನ ಸಾಲಿನವರನ್ನು ನಾವು ಹೇಗೂ ಬಲ್ಲೆವು. ಬ್ಲೂಸ್‌ನ ದೊಡ್ಡ ಸಂಪತ್ತು ಇನ್ನೂ ಹಿಂದಿನ ಸಾಲಿನಲ್ಲೇ ಇದೆ.