ಬೋರ್‌ವೆಲ್ ನೀರಿನ ಯುರೇನಿಯಂ: ತಪ್ಪು ಕಲ್ಪನೆ ಮತ್ತು ವಾಸ್ತವ

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಅನೇಕ ಮನೆಗಳಲ್ಲಿ ಕಾವೇರಿ ನಲ್ಲಿಯ ಜೊತೆಗೆ ಬೋರ್‌ವೆಲ್ಲೂ ಉಂಟು. ಕೆಂಗೇರಿಯ ಆಚೆಗಿನ ಎಷ್ಟೋ ಹೊಸ ಬಡಾವಣೆಗಳಿಗೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರೇ ಗತಿ. ಆ ನೀರಲ್ಲಿ ಯುರೇನಿಯಂ ಇರಬಹುದು ಎಂದರೆ ಕೆಲವರು ಹೌಹಾರುತ್ತಾರೆ, ಕೆಲವರು ಗಾಳಿಸುದ್ದಿ ಎಂದು ತಳ್ಳಿಹಾಕುತ್ತಾರೆ. ಎರಡಕ್ಕೂ ಕಾರಣ ಮಾಹಿತಿಯ ಕೊರತೆ.

ತಪ್ಪು ಕಲ್ಪನೆ 1: ಗಣಿ, ಅಣುಸ್ಥಾವರ ಇರುವ ಕಡೆ ಮಾತ್ರ ಯುರೇನಿಯಂ ಇರುತ್ತದೆ.

ವಾಸ್ತವ: ಬೆಂಗಳೂರಿನ ಕೆಳಗಿರುವುದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ, ಲಾಲ್‌ಬಾಗಿನ ಬಂಡೆ ಅದರದೇ ಮಾದರಿ. ಮೈಸೂರು ರಸ್ತೆಯಲ್ಲಿ ರಾಮನಗರದತ್ತ ಹೋದರೆ ಸುಮಾರು 250 ಕೋಟಿ ವರ್ಷದ ಕ್ಲೋಸ್‌ಪೇಟೆ ಗ್ರಾನೈಟ್ ಸಿಗುತ್ತದೆ. ಗ್ರಾನೈಟ್‌ನ ಪ್ರತಿ ಟನ್ನಿನಲ್ಲಿ ಸಾಮಾನ್ಯವಾಗಿ ಮೂರು, ನಾಲ್ಕು ಗ್ರಾಂ ಯುರೇನಿಯಂ ಇರುತ್ತದೆ. ಆಮ್ಲಜನಕ ಮತ್ತು ಬೈಕಾರ್ಬೊನೇಟ್ ಇರುವ ನೀರು ಬಿರುಕುಗಳಲ್ಲಿ ವರ್ಷಗಟ್ಟಲೆ ತಂಗಿದಾಗ ಆ ಯುರೇನಿಯಂ ಕರಗಿ ನೀರಿಗೆ ಸೇರುತ್ತದೆ. 2021ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದ ತಂಡ ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ಪರೀಕ್ಷಿಸಿದಾಗ 57ರಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೊಗ್ರಾಂ ದಾಟಿತ್ತು.

ತಪ್ಪು ಕಲ್ಪನೆ 2: ಬಂಡೆಯಲ್ಲಿರುವ ಯುರೇನಿಯಮ್ಮೇ ಹಾಗೆಯೇ ನೀರಿಗೆ ಬರುತ್ತದೆ.

ವಾಸ್ತವ: ನಿಸರ್ಗದ ಯುರೇನಿಯಂನಲ್ಲಿ 99.27% ಇರುವುದು 238 ತೂಕದ ಐಸೊಟೋಪ್ (ಒಂದೇ ಧಾತುವಿನ ಬೇರೆ ತೂಕದ ರೂಪ), 0.72% 235, ಅತಿ ಅಲ್ಪ ಪಾಲು 234. ಯುರೇನಿಯಂ-238 ಕ್ಷಯಿಸುವಾಗ ಹುಟ್ಟುವ ಪರಮಾಣು, ಒಗ್ಗರಣೆಯ ಸಾಸಿವೆಯಂತೆ ಸಿಡಿದು ತನ್ನ ಜಾಗ ಬಿಡುತ್ತದೆ. ಮುಂದೆ ಯುರೇನಿಯಂ-234 ಆಗುವುದು ಇದೇ. ಹರಳಿನಲ್ಲಿ ಅದರ ನೆಲೆ ಸಡಿಲವಾಗಿರುವುದರಿಂದ ನೀರು ಅದನ್ನು ಸುಲಭವಾಗಿ ಸೆಳೆದುಕೊಳ್ಳುತ್ತದೆ. ಹೀಗಾಗಿ ಅಂತರ್ಜಲದಲ್ಲಿ 234ರ ವಿಕಿರಣ ಚಟುವಟಿಕೆ 238ರದಕ್ಕಿಂತ ಹೆಚ್ಚಿರುವುದು ಸಾಮಾನ್ಯ. ಸಮುದ್ರದಲ್ಲೂ ಈ ಎರಡರ ಚಟುವಟಿಕೆಯ ಅನುಪಾತ 1.15ರ ಆಸುಪಾಸು. ಯುರೇನಿಯಂ ಅಲ್ಲಿ ಲಕ್ಷಾಂತರ ವರ್ಷ ಉಳಿದು ಬೆರೆಯುವುದರಿಂದ ಮಂಗಳೂರಿನ ಕಡಲಿಗೂ ಪೆಸಿಫಿಕ್‌ಗೂ ಇದರಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ತಪ್ಪು ಕಲ್ಪನೆ 3: 238 ಮತ್ತು 235ರ ಅನುಪಾತ ಎಲ್ಲೆಡೆ ಒಂದೇ.

ವಾಸ್ತವ: ವಿಜ್ಞಾನಿಗಳೇ ದಶಕಗಳ ಕಾಲ ಇದನ್ನು 137.88 ಎಂಬ ಸ್ಥಿರಾಂಕವಾಗಿ ಬಳಸಿದರು. 2007ರ ಸುಮಾರಿಗೆ ಮಾಪನ ಸೂಕ್ಷ್ಮವಾದ ಮೇಲೆ ಸಾವಿರದಲ್ಲಿ ಒಂದು ಪಾಲಿನಷ್ಟು ಏರಿಳಿತ ಕಂಡಿತು. ಆಮ್ಲಜನಕವಿಲ್ಲದ ಕೆಸರಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಕರಗಿದ ಯುರೇನಿಯಂಗೆ ಎಲೆಕ್ಟ್ರಾನ್ ಕೊಟ್ಟು ಅದನ್ನು ಕರಗದ ರೂಪಕ್ಕೆ ತಿರುಗಿಸುತ್ತವೆ. ಆಗ ಭಾರದ 238 ತುಸು ಹೆಚ್ಚಾಗಿ ಕೆಸರಿಗೆ ಸೇರಿ, ನೀರಲ್ಲಿ 235ರ ಪಾಲು ಏರುತ್ತದೆ. ಕಪ್ಪು ಸಮುದ್ರದ ತಳದ ಕೆಸರಿನಲ್ಲಿ ಈ ಗುರುತು ಸ್ಪಷ್ಟವಾಗಿದೆ. ಪ್ರಾಚೀನ ಸಾಗರಗಳು ಯಾವಾಗ ಉಸಿರುಗಟ್ಟಿದ್ದವು ಎಂಬುದನ್ನು ಇದರ ಆಧಾರದಿಂದಲೇ ಸುಣ್ಣಕಲ್ಲುಗಳಲ್ಲಿ ಓದುತ್ತಾರೆ.

ತಪ್ಪು ಕಲ್ಪನೆ 4: ಬ್ಯಾಕ್ಟೀರಿಯಾ ಯುರೇನಿಯಮ್ಮನ್ನು ನಾಶ ಮಾಡುತ್ತವೆ.

ವಾಸ್ತವ: ಅವು ರೂಪ ಬದಲಿಸುತ್ತವೆ, ಅಷ್ಟೇ. ಆಮ್ಲಜನಕ ಅಥವಾ ನೈಟ್ರೇಟ್ ಬಂದರೆ ಕೂತ ಯುರೇನಿಯಂ ಮತ್ತೆ ಕರಗಬಲ್ಲದು. ಚರಂಡಿ ನೀರು ನೆಲಕ್ಕಿಳಿದು ನೈಟ್ರೇಟ್ ಹೆಚ್ಚುವ ನಗರದಲ್ಲಿ ಇದು ನೆನಪಿಡಬೇಕಾದ ಮಾತು. ಚರಂಡಿ ನೀರು ಹರಿಯುವ ವೃಷಭಾವತಿ ನದಿಯನ್ನು ಶುದ್ಧವಾಗಿಡುವುದು ವಾಸನೆಯ ಪ್ರಶ್ನೆಯಷ್ಟೇ ಅಲ್ಲ.

ತಪ್ಪು ಕಲ್ಪನೆ 5: ಮುಖ್ಯ ಅಪಾಯ ವಿಕಿರಣದ್ದು.

ವಾಸ್ತವ: 238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ; ಅದು ಬಹು ನಿಧಾನವಾಗಿ ಕ್ಷಯಿಸುತ್ತದೆ. ಕುಡಿಯುವ ನೀರಿನಲ್ಲಿ ಮೊದಲ ಚಿಂತೆ ಮೂತ್ರಪಿಂಡಕ್ಕೆ ತಗಲುವ ರಾಸಾಯನಿಕ ವಿಷ. ಆ ವಿಷಕ್ಕೆ 234, 238 ಎಂಬ ಭೇದವಿಲ್ಲ. ಒಟ್ಟು ಎಷ್ಟು ಎಂಬುದೇ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 30 ಮೈಕ್ರೊಗ್ರಾಂ. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹಾಕಿದ್ದ ಮಿತಿ 60.

ತಪ್ಪು ಕಲ್ಪನೆ 6: ಟಿಡಿಎಸ್ ಕಡಿಮೆ ಇದ್ದರೆ ಸಾಕು, ಇಲ್ಲವೇ ಕುದಿಸಿದರಾಯಿತು.

ವಾಸ್ತವ: ಟಿಡಿಎಸ್ ಮೀಟರ್ ಅಳೆಯುವುದು ಮಿಲಿಗ್ರಾಂಗಳಲ್ಲಿ. 60 ಮೈಕ್ರೊಗ್ರಾಂ ಎಂದರೆ 0.06 ಮಿಲಿಗ್ರಾಂ, ಮೀಟರಿಗೆ ಅದು ಗೊತ್ತೇ ಆಗದು. ಕುದಿಸಿದರೆ ನೀರು ಆವಿಯಾಗಿ ಯುರೇನಿಯಂ ಉಳಿಯುತ್ತದೆ. ಯುವಿ ದೀಪಕ್ಕೂ ಅದು ಬಗ್ಗದು. ಸುಸ್ಥಿತಿಯಲ್ಲಿರುವ ಆರ್‌ಒ ಬಹುಪಾಲು ತೆಗೆಯುತ್ತದೆ, ಆದರೆ ಅದು ಹೊರಬಿಡುವ ನೀರಲ್ಲಿ ಯುರೇನಿಯಂ ಇನ್ನಷ್ಟು ಸಾಂದ್ರವಾಗಿರುತ್ತದೆ. ಆ ನೀರನ್ನು ಅಡುಗೆಗೆ ಬಳಸಬಾರದು.

ಪಕ್ಕದ ಮನೆಯ ವರದಿಯನ್ನು ನಂಬಿ ಕೂರುವಂತಿಲ್ಲ. ಒಂದೇ ಬೀದಿಯ ಎರಡು ಬೋರ್‌ವೆಲ್‌ಗಳು ಬೇರೆ ಬೇರೆ ಬಿರುಕಿನಿಂದ ನೀರೆತ್ತುತ್ತಿರಬಹುದು. ಆದ್ದರಿಂದ ಕುಡಿಯಲು, ಅಡುಗೆಗೆ ಬಳಸುವ ಪ್ರತಿ ಬೋರ್‌ವೆಲ್ಲಿಗೂ ಯುರೇನಿಯಂ ಹೆಸರನ್ನೇ ನಮೂದಿಸಿ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು. ವರದಿಯಲ್ಲಿ ಮೊದಲು ನೋಡಬೇಕಾದ ಅಂಕಿ ಲೀಟರಿಗೆ ಎಷ್ಟು ಮೈಕ್ರೊಗ್ರಾಂ ಎಂಬುದು. ಅದು 30 ದಾಟಿದ್ದರೆ ಆ ನೀರನ್ನು ಬಟ್ಟೆ, ಪಾತ್ರೆ, ಗಿಡಗಳಿಗೆ ಮೀಸಲಿಟ್ಟು ಕುಡಿಯಲು ಬೇರೆ ನೀರು ಹೊಂದಿಸಿಕೊಳ್ಳಿ.